ಕುಟುಂಬ ನ್ಯಾಯದ ಬಾಗಿಲು ಎಲ್ಲರಿಗೂ ಒಂದೇ ದೂರದಲ್ಲಿರಲಿ



ಮದುವೆ, ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ, ಮುಪ್ಪಿನವರ ಪೋಷಣೆ, ಮನೆಯೊಳಗಿನ ಹಿಂಸೆಯಿಂದ ರಕ್ಷಣೆ. ಕುಟುಂಬ ಕಾನೂನು ಎಂದು ನಾವು ಕರೆಯುವುದು ಇವೆಲ್ಲವನ್ನೂ ಸೇರಿಸಿ. ಈ ಕಾನೂನಿನಲ್ಲಿ ಸಮಾನತೆಯ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಯಾರಿಗೆ ಯಾವ ಹಕ್ಕಿದೆ? ಅದು ದೊಡ್ಡ ಪ್ರಶ್ನೆಯೇ. ಆದರೆ ಅದರ ಹಿಂದೆಯೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಆ ಹಕ್ಕನ್ನು ಕೇಳಲು ಎಷ್ಟು ದೂರ ಹೋಗಬೇಕು, ಎಷ್ಟು ಬಾಗಿಲು ತಟ್ಟಬೇಕು, ಎಂಥ ಕಾಗದ ಹಿಡಿದು ನಿಲ್ಲಬೇಕು, ಎಷ್ಟು ದಿನ ಕಾಯಬೇಕು? ಈ ಉಪನ್ಯಾಸದಲ್ಲಿ ನಾನು ಮಂಡಿಸುವ ವಾದ ಒಂದೇ. ಕುಟುಂಬ ನ್ಯಾಯದಲ್ಲಿ ಬಾಗಿಲಿನ ದೂರವೇ ಹಕ್ಕಿನ ಅಳತೆ. ಒಳಗಿನ ನಿಯಮಗಳು ಧರ್ಮಕ್ಕೊಂದು, ಸಮುದಾಯಕ್ಕೊಂದು ಇರಬಹುದು; ಅದು ಬೇರೆ ಚರ್ಚೆ. ಆ ನಿಯಮಗಳ ಬಳಿಗೆ ಹೋಗುವ ದಾರಿ ಮಾತ್ರ ಎಲ್ಲರಿಗೂ ಸಮವಾಗಿರಬೇಕು. ದಾರಿ ಸಮವಾಗಿಲ್ಲದ ಕಡೆ ಹಕ್ಕು ಸಮವಾಗಿದೆ ಎನ್ನುವುದು ಸುಳ್ಳು.

ಮೊದಲು ಆಗಿರುವ ಒಳಿತನ್ನು ಒಪ್ಪಿಕೊಳ್ಳೋಣ. ಕಳೆದ ಮೂರು ದಶಕಗಳಲ್ಲಿ ಈ ಕ್ಷೇತ್ರದ ಕಾನೂನು ಬಹಳ ಬದಲಾಗಿದೆ. ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು, ಅದಾಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟರೂ. 2005ರಲ್ಲಿ ಕೇಂದ್ರವೂ ಅದೇ ದಾರಿ ಹಿಡಿದು ಆ ಭೇದವನ್ನೂ ತೆಗೆಯಿತು. 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂಬ ಷರತ್ತಿಲ್ಲ ಎಂದು ಸ್ಪಷ್ಟಪಡಿಸಿತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದು. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ಸಾಲುಗಳನ್ನು ಸಂಸತ್ತು 2019ರಲ್ಲಿ ವೈಯಕ್ತಿಕ ಕಾನೂನುಗಳಿಂದ ಅಳಿಸಿತು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟು 2024ರ ಜುಲೈ 10ರಂದು ಮತ್ತೊಮ್ಮೆ ಎತ್ತಿಹಿಡಿಯಿತು. ಇವು ಸಣ್ಣ ಗೆಲುವುಗಳಲ್ಲ. ಇವುಗಳ ಹಿಂದೆ ಹೆಣ್ಣುಮಕ್ಕಳ ದೀರ್ಘ ಹೋರಾಟವಿದೆ. ಆದರೆ ದಿಲ್ಲಿಯಲ್ಲಿ ಹುಟ್ಟಿದ ಹಕ್ಕು ನಮ್ಮ ಉತ್ತರ ಕನ್ನಡದ ಬೇಡ್ತಿ ಹೊಳೆಯ ಆಚೀಚೆಯ ಮನೆಗಳಿಗೆ ತಲುಪುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ ಎಂಬುದನ್ನೂ ನೋಡಬೇಕು.

ಕುಟುಂಬ ನ್ಯಾಯಾಲಯಗಳ ಕಾಯ್ದೆ 1984ರದು. ಕುಟುಂಬದ ವ್ಯಾಜ್ಯವನ್ನು ಉಳಿದ ಸಿವಿಲ್ ದಾವೆಗಳಂತೆ ನಡೆಸಬಾರದು, ರಾಜಿಗೆ ಮೊದಲ ಅವಕಾಶ ಇರಬೇಕು ಎಂಬ ಕಾನೂನು ಆಯೋಗದ 1974ರ ವರದಿ ಮತ್ತು ಮಹಿಳಾ ಸಂಘಟನೆಗಳ ಒತ್ತಾಯ ಅದಕ್ಕೆ ಹಿನ್ನೆಲೆ. ಕಾಯ್ದೆಯ ಆಶಯ ಸೊಗಸಾಗಿದೆ. ನ್ಯಾಯಾಧೀಶರು ಮೊದಲು ರಾಜಿಗೆ ಯತ್ನಿಸಬೇಕು, ಕೇಳಿದರೆ ಮುಚ್ಚಿದ ಕೊಠಡಿಯಲ್ಲಿ ವಿಚಾರಣೆ ನಡೆಯಬೇಕು, ಸಾಕ್ಷ್ಯದ ಕಟ್ಟುಪಾಡು ಸಡಿಲವಾಗಿರಬೇಕು, ಸಮಾಜ ಕಾರ್ಯಕರ್ತರ ಮತ್ತು ವೈದ್ಯರ ನೆರವು ಸಿಗಬೇಕು, ವಕೀಲರಿಲ್ಲದೆಯೂ ಮಾತಾಡಲು ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ ಎಲ್ಲವೂ ಒಂದೇ ಸೂರಿನಡಿ ತೀರ್ಮಾನವಾಗಬೇಕು. ಆದರೆ ಇಂಥ ನ್ಯಾಯಾಲಯವನ್ನು ಸರ್ಕಾರ ಸ್ಥಾಪಿಸಲೇಬೇಕು ಎಂದು ಮೂರನೇ ಕಲಮು ಹೇಳುವುದು ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರ, ಪಟ್ಟಣಗಳಿಗೆ ಮಾತ್ರ. ಉಳಿದ ಕಡೆ ಅಗತ್ಯವೆಂದು ಸರ್ಕಾರಕ್ಕೆ ಅನ್ನಿಸಿದರೆ ಸ್ಥಾಪಿಸಬಹುದು. ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ವಿಸ್ತಾರದ ಉತ್ತರ ಕನ್ನಡದಲ್ಲಿ 2011ರ ಜನಗಣತಿಯಂತೆ ಇದ್ದವರು ಸುಮಾರು 14 ಲಕ್ಷ 37 ಸಾವಿರ ಜನ. ಯಲ್ಲಾಪುರ ತಾಲ್ಲೂಕಿನಲ್ಲಿ ಎಂಬತ್ತು ಸಾವಿರಕ್ಕೂ ಕಡಿಮೆ. ಕಾಡಿನ ನಡುವೆ ಚದುರಿ ಬದುಕುವವರು ಎಂದೂ ಹತ್ತು ಲಕ್ಷದ ಪಟ್ಟಣವಾಗುವುದಿಲ್ಲ. ಅಂದರೆ ಒಂದೇ ಸೂರಿನ ಸೌಲಭ್ಯ ನಗರದವರಿಗೆ ಹಕ್ಕಾಯಿತು, ಮಲೆನಾಡಿನವರಿಗೆ ಸರ್ಕಾರದ ಮರ್ಜಿಯಾಯಿತು.

ಕುಟುಂಬ ನ್ಯಾಯಾಲಯ ಇಲ್ಲದ ಕಡೆ ಒಂದೇ ಮನೆಯ ಜಗಳ ನಾಲ್ಕು ತುಂಡಾಗುತ್ತದೆ. ಜೀವನಾಂಶಕ್ಕೆ ಮ್ಯಾಜಿಸ್ಟ್ರೇಟರ ಬಳಿ ಒಂದು ಅರ್ಜಿ. ಹಿಂಸೆಯಿಂದ ರಕ್ಷಣೆಗೆ ಅದೇ ನ್ಯಾಯಾಲಯದಲ್ಲಿ ಬೇರೆ ಕಡತ. ಹಿಂದೂ ವಿವಾಹ ಕಾಯ್ದೆಯ ವಿಚ್ಛೇದನಕ್ಕೆ ಹಿರಿಯ ಸಿವಿಲ್ ನ್ಯಾಯಾಧೀಶರು. ಮಗುವಿನ ಪೋಷಕತ್ವಕ್ಕೆ 1890ರ ಕಾಯ್ದೆ ತೋರಿಸುವುದು ಜಿಲ್ಲಾ ನ್ಯಾಯಾಲಯವನ್ನು. ಮೇಲ್ಮನವಿ ಹೈಕೋರ್ಟಿಗೆ ಹೋದರೆ ಧಾರವಾಡ. ಯಲ್ಲಾಪುರದಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ಅರಬೈಲ್ ಘಟ್ಟ ಇಳಿದು ನೂರು ಕಿಲೋಮೀಟರಿನ ಆಸುಪಾಸು. 2021ರ ಜುಲೈನಲ್ಲಿ ಕಳಚೆಯಲ್ಲಿ ಗುಡ್ಡ ಕುಸಿದ ಮಳೆಯನ್ನು ಈ ಸೀಮೆ ಮರೆತಿಲ್ಲ. ಘಟ್ಟದ ರಸ್ತೆಯನ್ನು ನೆಚ್ಚಿ ಮಳೆಗಾಲದಲ್ಲಿ ತಾರೀಖು ಹಿಡಿಯುವುದು ಹೇಗೆಂಬುದು ನಿಮಗೆ ಗೊತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿದಿದೆ, ಅದು ನಿಜವಾದ ಉಪಕಾರ. ಆದರೆ ಅಡಿಕೆ ಸುಲಿಯಲು ಹೋಗುವವಳಿಗೆ ಕಳೆದುಹೋದ ದಿನದ ಕೂಲಿ ಬಸ್ಸಿನೊಂದಿಗೆ ಬರುವುದಿಲ್ಲ. ಬೆಳಗಿನ ಬಸ್ಸಿಗೆ ಹೋಗಿ, ಮಧ್ಯಾಹ್ನ ಮುದ್ದತ್ತು ಹಾಕಿಸಿಕೊಂಡು, ಸಂಜೆಯ ಬಸ್ಸಿಗೆ ಬರುವ ಒಂದೊಂದು ದಿನವೂ ಅವಳ ಹಕ್ಕಿನಿಂದ ಕಡಿತವಾಗುವ ದಿನ.

ಈ ಕಡಿತ ಕಾನೂನಿನ ಒಳಗೇ ಲೆಕ್ಕಕ್ಕೆ ಬರುತ್ತದೆ. ಕೌಟುಂಬಿಕ ಹಿಂಸೆಯ ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಮಧ್ಯಂತರ ಜೀವನಾಂಶದ ಅರ್ಜಿ ನಾಲ್ಕರಿಂದ ಆರು ತಿಂಗಳಲ್ಲಿ ಇತ್ಯರ್ಥವಾಗಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದು 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪು ಹೇಳಿತು. ಆದೇಶ ಸಿಕ್ಕ ಮೇಲೂ ಗಂಡ ಹಣ ಕಟ್ಟದಿದ್ದರೆ, ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ತಡವಾದರೆ ಆ ಬಾಕಿಗೆ ವಾರಂಟು ಹೊರಡಿಸಲು ಬರುವುದಿಲ್ಲ. ನ್ಯಾಯಾಲಯ ಹತ್ತಿರವಿರುವವಳು ವರ್ಷ ತುಂಬುವ ಮೊದಲೇ ಹೋಗುತ್ತಾಳೆ. ದೂರವಿರುವವಳು, ಮಳೆ ನಿಲ್ಲಲಿ, ಕೊಯ್ಲು ಮುಗಿಯಲಿ, ಮಗುವಿನ ಪರೀಕ್ಷೆ ಕಳೆಯಲಿ ಎನ್ನುತ್ತ ವರ್ಷ ಕಳೆದುಕೊಳ್ಳುತ್ತಾಳೆ. ಕಲಮು ಇಬ್ಬರಿಗೂ ಒಂದೇ, ಸಿಗುವುದು ಒಂದೇ ಅಲ್ಲ.

ಈ ಮಾತಿಗೆ ಇನ್ನೂ ಗಟ್ಟಿಯಾದ ನಿದರ್ಶನ ನಮ್ಮ ಯಲ್ಲಾಪುರ ತಾಲ್ಲೂಕಿನಲ್ಲೇ ಇದೆ. ಸಿದ್ದಿ ಸಮುದಾಯದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಒಂದೇ ಮೂಲದ, ಒಂದೇ ಬಡತನದ ಮೂವರು ಹೆಣ್ಣುಮಕ್ಕಳು ಜಿಲ್ಲೆಯ ಹೊರಗೆ ಮದುವೆಯಾಗಿ, ಅಲ್ಲಿ ಸಂಸಾರ ಮುರಿದು ತವರಿಗೆ ಮರಳಿದರು ಎಂದು ಇಟ್ಟುಕೊಳ್ಳಿ. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಬಂದ ತಿದ್ದುಪಡಿಯಂತೆ ಹೆಂಡತಿ ತಾನು ಈಗ ವಾಸಿಸುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಆ ಅನುಕೂಲವಿಲ್ಲ. ಮದುವೆ ನಡೆದ ಜಾಗ, ಗಂಡಹೆಂಡಿರು ವಾಸಿಸುವ ಜಾಗ ಅಥವಾ ಕೊನೆಯದಾಗಿ ಕೂಡಿ ಬಾಳಿದ ಜಾಗದ ಜಿಲ್ಲಾ ನ್ಯಾಯಾಧೀಶರ ಬಳಿಗೇ ಹೋಗಬೇಕು. ಮುಸ್ಲಿಂ ಮಹಿಳೆ ವಿಚ್ಛೇದನಕ್ಕೆಂದು 1939ರ ಕಾಯ್ದೆಯಡಿ ದಾವೆ ಹೂಡಿದರೆ, ಪ್ರತಿವಾದಿ ಎಲ್ಲಿದ್ದಾನೆ, ದಾವೆಗೆ ಕಾರಣ ಎಲ್ಲಿ ಹುಟ್ಟಿತು ಎಂಬ ಸಾಮಾನ್ಯ ಸಿವಿಲ್ ನಿಯಮ ಅವಳನ್ನು ಕಾಡುತ್ತದೆ. ಹೆಣ್ಣು ತವರಿಗೆ ಮರಳುವುದು ಮೂರೂ ಧರ್ಮದಲ್ಲಿ ಒಂದೇ ಬಗೆಯ ಸಂಕಟ. ಅಲ್ಲಿಂದ ನ್ಯಾಯಾಲಯಕ್ಕಿರುವ ದೂರ ಮಾತ್ರ ಧರ್ಮ ನೋಡಿ ಬದಲಾಗುತ್ತದೆ. ಯಾವ ದೇವರ ಶಾಸ್ತ್ರವೂ ನ್ಯಾಯಾಲಯದ ವ್ಯಾಪ್ತಿಯನ್ನು ವಿಧಿಸಿಲ್ಲ. ಇದು ಶಾಸನ ಬರೆದವರು ಉಳಿಸಿದ ಭೇದ.

ಈ ಮೂವರಲ್ಲಿ ಹಿಂದೂ ಸಿದ್ದಿ ಮಹಿಳೆಯೇ ಅನುಕೂಲಸ್ಥೆ ಎಂದು ತೋರಬಹುದು. ವಾಸ್ತವದಲ್ಲಿ ಅವಳ ದಾರಿಯೇ ಹೆಚ್ಚು ಮಸುಕಾದದ್ದು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದು ನ್ಯಾಯವಾಗಿ ಸಲ್ಲಬೇಕಾದದ್ದೇ. ಆದರೆ ಹಿಂದೂ ವಿವಾಹ ಕಾಯ್ದೆಯ ಮತ್ತು ಹಿಂದೂ ಉತ್ತರಾಧಿಕಾರ ಕಾಯ್ದೆಯ ಎರಡನೇ ಕಲಮು, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರಿಗೆ ಈ ಕಾಯ್ದೆ ಅನ್ವಯಿಸದು ಎನ್ನುತ್ತದೆ. ಬುಡಕಟ್ಟಿನ ರೂಢಿಯನ್ನು ಗೌರವಿಸುವ ಉದ್ದೇಶ ಅದರದು. ರೂಢಿಯನ್ನು ಹೇಳುವವರೇ ರುಜುವಾತುಪಡಿಸಬೇಕು ಎಂದು ಸುಪ್ರೀಂ ಕೋರ್ಟು 2001ರಲ್ಲಿ ಸೂರಜ್‌ಮಣಿ ಸ್ಟೆಲ್ಲಾ ಕುಜೂರ್ ಪ್ರಕರಣದಲ್ಲಿ ಹೇಳಿತು. ಅದಕ್ಕೆ ಒಂದು ವರ್ಷ ಮುಂಚೆ, ಹಿಂದೂ ಆಚರಣೆಗೆ ಪೂರ್ತಿ ಒಳಗಾದ ಸಂತಾಲ ಕುಟುಂಬಕ್ಕೆ ಉತ್ತರಾಧಿಕಾರ ಕಾಯ್ದೆ ಸಲ್ಲುತ್ತದೆ ಎಂದು ಅದೇ ನ್ಯಾಯಾಲಯ ಹೇಳಿತ್ತು. 2025ರ ಜುಲೈನಲ್ಲಿ ರಾಮಚರಣ್ ಪ್ರಕರಣದಲ್ಲಿ, ಹೆಣ್ಣನ್ನು ಹೊರಗಿಡುವ ರೂಢಿ ಸಾಬೀತಾಗದಿದ್ದಾಗ ಬುಡಕಟ್ಟಿನ ಮಹಿಳೆಗೂ ಅವಳ ವಾರಸುದಾರರಿಗೂ ಸಮಪಾಲು ಎಂದು ತೀರ್ಮಾನಿಸಿತು. ಒಂದೊಂದು ತೀರ್ಪೂ ತನ್ನ ಪ್ರಕರಣದ ಮಟ್ಟಿಗೆ ಸರಿಯಿರಬಹುದು. ಆದರೆ ಯಾವ ಕಾನೂನು ತನ್ನದು ಎಂಬುದನ್ನೇ ಮೊದಲು ವಾದಿಸಿ ಗೆಲ್ಲಬೇಕಾದ ಭಾರ ಓದುಬರಹದಿಂದ ಹೊರಗುಳಿದ ಹೆಣ್ಣಿನ ಮೇಲೆ ಬೀಳುತ್ತದೆ. ರೂಢಿಯಂತೆ ಬಿಡುಗಡೆಯ ಸೋಡಚೀಟಿ ಕೊಟ್ಟಿದ್ದೇನೆ ಎನ್ನುವ ಗಂಡ, ಹಿರಿಯರ ಮುಂದೆ ಮುಗಿದಿದೆ ಎನ್ನುವ ಬಂಧು, ಯಾವ ಕಾಯ್ದೆಯಡಿ ಬಂದಿದ್ದೀರಿ ಎನ್ನುವ ನ್ಯಾಯಾಲಯ, ಈ ಮೂವರ ನಡುವೆ ಅವಳು ನಿಲ್ಲಬೇಕು.

ಇದಕ್ಕೆ ಪರಿಹಾರ ಎಲ್ಲರಿಗೂ ಒಂದೇ ವೈಯಕ್ತಿಕ ಕಾನೂನು ತಾನೆ ಎಂದು ಕೆಲವರು ಕೇಳುತ್ತಾರೆ. ಅದು ನಿಮ್ಮ ರೂಢಿಯನ್ನು ಕಸಿಯುವ ಹುನ್ನಾರ ಎಂದು ಮತ್ತೆ ಕೆಲವರು ಹೆದರಿಸುತ್ತಾರೆ. ಇಬ್ಬರೂ ಒಂದು ಅನುಭವವನ್ನು ಮರೆಯುತ್ತಾರೆ. 1898ರ ಅಪರಾಧ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನಲ್ಲಿದ್ದ ಜೀವನಾಂಶದ ನಿಯಮ, 1973ರಲ್ಲಿ 125ನೇ ಕಲಮಾಗಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿ ಮುಂದುವರಿದಿದೆ. ಒಂದು ಶತಮಾನಕ್ಕೂ ಮೇಲ್ಪಟ್ಟು ಅದು ಧರ್ಮ ಕೇಳಿಲ್ಲ, ಜಾತಿ ಕೇಳಿಲ್ಲ. ಹೆಂಡತಿ ವಾಸಿಸುವ ಊರಿನಲ್ಲೇ ಅರ್ಜಿ ಹಾಕಲು ಬಿಡುತ್ತದೆ. ಕೌಟುಂಬಿಕ ಹಿಂಸೆಯ ಕಾಯ್ದೆ ಇನ್ನೂ ಮುಂದೆ ಹೋಗಿ, ನೊಂದವಳು ತಾತ್ಕಾಲಿಕವಾಗಿ ಉಳಿದುಕೊಂಡ ಜಾಗವೂ ಸಾಕು ಎನ್ನುತ್ತದೆ. ಈ ಎರಡು ಕಾನೂನುಗಳಿಂದ ಯಾವ ಧರ್ಮದ ಮದುವೆಯ ವಿಧಿಯೂ ಬದಲಾಗಲಿಲ್ಲ, ಯಾವ ಬುಡಕಟ್ಟಿನ ರೂಢಿಯೂ ಅಳಿಯಲಿಲ್ಲ. ಆದರೂ ಎಲ್ಲ ಸಮುದಾಯದ ಹೆಣ್ಣುಮಕ್ಕಳಿಗೂ ಹತ್ತಿರದ ಒಂದು ಬಾಗಿಲು ತೆರೆಯಿತು. ಒಳಗಿನ ನಿಯಮ ಒಂದೇ ಆಗಬೇಕೆ ಬೇಡವೆ ಎಂಬ ಚರ್ಚೆ ಮುಗಿಯಲು ಎಷ್ಟು ಕಾಲ ಬೇಕೋ ಗೊತ್ತಿಲ್ಲ. ಬಾಗಿಲನ್ನು ಸಮಗೊಳಿಸಲು ಆ ಚರ್ಚೆ ಮುಗಿಯುವವರೆಗೆ ಕಾಯಬೇಕಿಲ್ಲ.

ಬಾಗಿಲೊಳಗೆ ಬಂದವರ ಕೈಯಲ್ಲಿ ಕಾಗದವೂ ಇರಬೇಕಲ್ಲ. ನಮ್ಮ ಸೀಮೆಯಲ್ಲಿ ತೋಟದ ಪಹಣಿ ಬಹುಪಾಲು ಅಪ್ಪನ ಇಲ್ಲವೆ ಅಜ್ಜನ ಹೆಸರಿನಲ್ಲಿರುತ್ತದೆ. ನನ್ನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ ಎಂದು ಗಂಡ ಪ್ರಮಾಣ ಮಾಡಿ ಹೇಳಬಹುದು, ಅದು ಕಾಗದದ ಮಟ್ಟಿಗೆ ನಿಜವೂ ಹೌದು. ಈ ಕಷ್ಟವನ್ನು ಅರಿತೇ ರಜನೀಶ್ ತೀರ್ಪು ಕೃಷಿಕರಿಗೆಂದು ಬೇರೆಯೇ ಆಸ್ತಿ ವಿವರದ ನಮೂನೆ ಕೊಟ್ಟಿದೆ. ಅಡಿಕೆ ಮಾರಾಟದ ಲೆಕ್ಕ ಸಹಕಾರಿ ಸಂಘದಲ್ಲಿ ಇದ್ದೇ ಇರುತ್ತದೆ, ಕೇಳುವವರು ಬೇಕು. ಮನೆ ಮಾವನದೆಂಬ ಕಾರಣಕ್ಕೇ ಸೊಸೆಯ ವಾಸದ ಹಕ್ಕನ್ನು ತಳ್ಳಿಹಾಕಲಾಗದು ಎಂದು 2020ರ ಸತೀಶ್ ಅಹುಜಾ ತೀರ್ಪು ಹೇಳಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಮದುವೆಯಾದವರಿಗೆ ಕೊಡುವ ಹಕ್ಕುಪತ್ರ ಗಂಡಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು. ಸಿದ್ದಿ ಕುಟುಂಬಗಳ ಪಾಲಿಗೆ ಇದು ಬಹು ದೊಡ್ಡ ಆಧಾರ. ಈ ಯಾವುದೂ ಅರ್ಜಿ ಬರೆಯುವವರಿಗೆ ಗೊತ್ತಿಲ್ಲದಿದ್ದರೆ ಉಪಯೋಗವಿಲ್ಲ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡಲು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಿದೆ. ಹೊರ ರಾಜ್ಯಗಳಿಂದ ಮದುವೆಯಾಗಿ ಇಲ್ಲಿನ ತೋಟದ ಮನೆಗಳಿಗೆ ಬಂದವರು, ಸರ್ಕಾರಿ ಮಹಿಳಾ ನಿಲಯಗಳಲ್ಲಿ ಬೆಳೆದು ಸೊಸೆಯರಾದವರು ಇದ್ದಾರೆ. ಅವರಿಗೆ ಮರಳಲು ತವರೇ ಇಲ್ಲ, ಕೆಲವರಿಗೆ ಕನ್ನಡವೂ ಇನ್ನೂ ಹಿಡಿತಕ್ಕೆ ಬಂದಿಲ್ಲ. ಈ ಉಚಿತ ನೆರವು ಯಾರನ್ನು ಒಳಗೊಳ್ಳಬೇಕೆಂದು ಕೇಳಿದರೆ, ಮೊದಲು ಇವರನ್ನು.

ಮುಪ್ಪಿನವರ ವಿಷಯದಲ್ಲಿ ಶಾಸನ ಸ್ವಲ್ಪ ಹೆಚ್ಚು ವಿವೇಕ ತೋರಿದೆ. ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋಗಿ ವಯಸ್ಸಾದವರಷ್ಟೇ ಉಳಿದ ಮನೆಗಳು ಯಲ್ಲಾಪುರ, ಶಿರಸಿ, ಸಿದ್ದಾಪುರ ತಾಲ್ಲೂಕುಗಳಲ್ಲಿ ಎಷ್ಟಿವೆಯೆಂದು ನಿಮಗೆ ಹೇಳಬೇಕಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಂತೆ ಅವರು ಹೋಗಬೇಕಾದದ್ದು ಶಿರಸಿಯ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ತಾವು ವಾಸಿಸುವ ಜಾಗದಲ್ಲೇ ಅರ್ಜಿ ಹಾಕಬಹುದು. ನೋಟಿಸು ಮುಟ್ಟಿದ 90 ದಿನಗಳಲ್ಲಿ ಇತ್ಯರ್ಥವಾಗಬೇಕು. ಅರ್ಜಿದಾರರಿಗೆ ಬರಲಾಗದಿದ್ದರೆ ಬೇರೆಯವರು ಹಾಕಬಹುದು, ಮಂಡಳಿ ತಾನಾಗಿಯೇ ಕೈಗೆತ್ತಿಕೊಳ್ಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ಹಿಂದಕ್ಕೆ ಪಡೆಯಬಹುದು. ಹಾಗೆಯೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ನ್ಯಾಯಾಲಯದಲ್ಲಿ ಅವರ ಸಾಕ್ಷ್ಯವನ್ನು ಅವರು ಬಯಸುವ ಭಾಷೆಯಲ್ಲಿ, ಅವರು ಬಯಸುವ ರೀತಿಯಲ್ಲಿ ದಾಖಲಿಸಬೇಕು ಎನ್ನುತ್ತದೆ. ಬರಲಾಗದವರ ಕಡೆಗೆ ಕಾನೂನು ತಾನೇ ಹೋಗಬೇಕೆಂಬ ತತ್ವವನ್ನು ಸಂಸತ್ತು ಈಗಾಗಲೇ ಒಪ್ಪಿದೆ ಎನ್ನುವುದಕ್ಕೆ ಇವೆರಡೇ ಸಾಕ್ಷಿ. ನಾನು ಕೇಳುತ್ತಿರುವುದು ಅದೇ ತತ್ವವನ್ನು ಗಂಡಹೆಂಡತಿ ಮಕ್ಕಳ ವ್ಯಾಜ್ಯಕ್ಕೂ ವಿಸ್ತರಿಸಿ ಎಂದು.

ಈಗ ಆಕ್ಷೇಪಗಳಿಗೆ ಬರೋಣ. ಇಷ್ಟು ಕಡಿಮೆ ಜನರಿರುವ ತಾಲ್ಲೂಕಿನಲ್ಲಿ ಪ್ರಕರಣಗಳೇ ಕಡಿಮೆ, ಪ್ರತ್ಯೇಕ ನ್ಯಾಯಾಲಯ ಸರ್ಕಾರಕ್ಕೆ ಹೊರೆ ಎಂಬುದು ಮೊದಲನೆಯದು. ದೂರವೇ ಪ್ರಕರಣಗಳನ್ನು ಕಡಿಮೆ ಮಾಡುತ್ತದೆ. ದೂರದ ಪರಿಣಾಮವನ್ನು ದೂರಕ್ಕೆ ಸಮರ್ಥನೆಯಾಗಿ ಬಳಸಬಾರದು. ಅಲ್ಲದೆ ಹೊಸ ಕಟ್ಟಡವೇ ಬೇಕೆಂದೇನೂ ಇಲ್ಲ. 2008ರ ಗ್ರಾಮ ನ್ಯಾಯಾಲಯಗಳ ಕಾಯ್ದೆ, ನ್ಯಾಯಾಧಿಕಾರಿ ಆಗಾಗ ಹಳ್ಳಿಗಳಿಗೇ ಹೋಗಿ ವಿಚಾರಣೆ ನಡೆಸಬೇಕು ಎನ್ನುತ್ತದೆ; ಜೀವನಾಂಶವೂ ಅದರ ವ್ಯಾಪ್ತಿಯಲ್ಲಿದೆ. ಜಿಲ್ಲಾ ನ್ಯಾಯಾಧೀಶರ ಪೀಠ ಶಿರಸಿಯಲ್ಲಿ ಕುಳಿತುಕೊಳ್ಳುವ ಏರ್ಪಾಡು ಈಗಾಗಲೇ ಇರುವಾಗ, ಕುಟುಂಬದ ವ್ಯಾಜ್ಯಗಳಿಗೆಂದೇ ನಿಗದಿತ ದಿನಗಳಲ್ಲಿ ಯಲ್ಲಾಪುರದಲ್ಲಿ, ಸಿದ್ದಾಪುರದಲ್ಲಿ ಕುಳಿತುಕೊಳ್ಳುವುದು ಅಸಾಧ್ಯವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗೌರವಕ್ಕೆ ಅರ್ಹವಾದದ್ದು. ಕೋರ್ಟು ಹತ್ತಿರ ಬಂದಷ್ಟೂ ಮನೆ ಒಡೆಯುತ್ತದೆ, ಊರ ಹಿರಿಯರು ಕುಳಿತು ಬಗೆಹರಿಸುವ ಪದ್ಧತಿಯೇ ಒಳ್ಳೆಯದು ಎಂಬ ಮಾತು. ಹಿರಿಯರ ಮಾತಿನಿಂದ ಉಳಿದ ಸಂಸಾರಗಳು ಅನೇಕ, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ರಾಜಿ ಎಂಬುದು ಬೇಡವೆನ್ನುವ ಸ್ವಾತಂತ್ರ್ಯ ಇಬ್ಬರಿಗೂ ಇದ್ದಾಗ ಮಾತ್ರ ರಾಜಿ. ಹೆಂಡತಿಗೆ ಬೇರೆ ದಾರಿಯೇ ಇಲ್ಲವೆಂದು ಪಂಚಾಯ್ತಿಗೆ ಕುಳಿತ ಎಲ್ಲರಿಗೂ ಗೊತ್ತಿದ್ದರೆ, ಅಲ್ಲಿ ನಡೆಯುವುದು ಶರಣಾಗತಿ. ನ್ಯಾಯಾಲಯ ಹತ್ತಿರವಿದ್ದಾಗ ಹಿರಿಯರ ಕಟ್ಟೆಯಲ್ಲೂ ಅವಳ ಮಾತಿಗೆ ತೂಕ ಬರುತ್ತದೆ. ಇನ್ನೂ ಒಂದು ಮಾತು. 2023ರ ಮಧ್ಯಸ್ಥಿಕೆ ಕಾಯ್ದೆಯ ಪ್ರಕಾರವೂ ಸಮುದಾಯದ ಮಧ್ಯಸ್ಥಿಕೆಯಲ್ಲಿ ಆದ ಒಪ್ಪಂದಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿಲ್ಲ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಆ ಬಲವಿದೆ. ಹಿರಿಯರು ಮಾಡಿಸಿದ ಒಳ್ಳೆಯ ರಾಜಿ ಮುರಿಯದೆ ಉಳಿಯಬೇಕಾದರೂ ಹತ್ತಿರದಲ್ಲೊಂದು ನ್ಯಾಯಪೀಠ ಬೇಕು.

ಮೂರನೆಯದು ಗುಟ್ಟಿನ ಪ್ರಶ್ನೆ. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ದೂರದ ನ್ಯಾಯಾಲಯವೇ ವಾಸಿ ಎನ್ನುವವರೂ ಇದ್ದಾರೆ. ಹಾಗೆ ಬಯಸುವವರಿಗೆ ಆ ಆಯ್ಕೆ ಇರಲಿ. ಆಯ್ಕೆಯಾಗಿರುವುದು ಬೇರೆ, ಅನಿವಾರ್ಯವಾಗಿರುವುದು ಬೇರೆ. ಇದರ ಜೊತೆಗೇ ಬರುವ ಮಾತು, ಈಗ ವಿಡಿಯೋ ಮೂಲಕವೇ ವಿಚಾರಣೆ ನಡೆಯಬಹುದಲ್ಲ ಎಂಬುದು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ದಾಂಪತ್ಯದ ಪ್ರಕರಣಗಳಲ್ಲಿ ವಿಡಿಯೋ ವಿಚಾರಣೆಗೆ ಪ್ರೋತ್ಸಾಹ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಶಾಂತಿನಿ ಪ್ರಕರಣದ ಬಹುಮತದ ತೀರ್ಪು, ರಾಜಿಯ ಯತ್ನ ವಿಫಲವಾದ ಮೇಲೆ, ಇಬ್ಬರೂ ಒಪ್ಪಿದರೆ ಮಾತ್ರ ಎಂದು ಮಿತಿ ಹಾಕಿತು. ಕೋವಿಡ್ ಕಾಲ ಆ ಮಿತಿಯನ್ನು ಸಡಿಲಿಸಿತು. ದೂರದಲ್ಲಿರುವ ಸಾಕ್ಷಿಗೆ, ಹಾಸಿಗೆ ಹಿಡಿದವರಿಗೆ, ಸುಮ್ಮನೆ ಮುದ್ದತ್ತು ಪಡೆಯುವ ದಿನಗಳಿಗೆ ವಿಡಿಯೋ ವರವೇ ಸರಿ. ಆದರೆ ನೆಟ್‌ವರ್ಕಿಗಾಗಿ ಗುಡ್ಡದ ನೆತ್ತಿ ಹುಡುಕುವ ಹಳ್ಳಿಗಳಲ್ಲಿ, ಮನೆಮಂದಿಯ ನಡುವೆ ಒಂದೇ ಫೋನ್ ಇರುವ ಕಡೆ, ಹಿಂಸೆಯ ಮಾತನ್ನು ಹಿಂಸಿಸುವವನ ಎದುರೇ ಫೋನಿನಲ್ಲಿ ಹೇಳು ಎನ್ನಲಾಗದು. ತಾಲ್ಲೂಕು ನ್ಯಾಯಾಲಯದಲ್ಲೋ ಗ್ರಾಮ ಪಂಚಾಯ್ತಿಯಲ್ಲೋ ಬಾಗಿಲು ಹಾಕಿಕೊಂಡು ಕುಳಿತು ಮಾತಾಡಬಹುದಾದ ಒಂದು ಕೋಣೆ, ಪಕ್ಕದಲ್ಲಿ ನೆರವಿಗೊಬ್ಬರು ಇದ್ದರೆ ವಿಡಿಯೋ ನಿಜವಾದ ಬಾಗಿಲಾದೀತು.

ಹಾಗಾದರೆ ಮಾಡಬೇಕಾದದ್ದೇನು? ಹೈಕೋರ್ಟು ಮತ್ತು ರಾಜ್ಯ ಸರ್ಕಾರ ಸೇರಿ, ಒಂದು ಕುಟುಂಬದ ಎಲ್ಲ ಕಡತಗಳೂ ಒಂದೇ ದಿನ, ಒಂದೇ ತಾಲ್ಲೂಕು ಕೇಂದ್ರದಲ್ಲಿ ವಿಚಾರಣೆಗೆ ಬರುವಂತೆ ಸಂಚಾರಿ ಕುಟುಂಬ ಪೀಠಗಳನ್ನು ನಡೆಸಬೇಕು. ಅಲ್ಲಿಯವರೆಗೆ ವಕೀಲರು ಕೌಟುಂಬಿಕ ಹಿಂಸೆ ಕಾಯ್ದೆಯ 26ನೇ ಕಲಮನ್ನು ಬಳಸಿ, ಅದರ ಪರಿಹಾರಗಳನ್ನು ನಡೆಯುತ್ತಿರುವ ಬೇರೆ ಪ್ರಕರಣದಲ್ಲೇ ಕೇಳಬಹುದು. ಅದರಿಂದಲೇ ಒಂದು ಅಲೆದಾಟ ತಪ್ಪುತ್ತದೆ. ನಮ್ಮ ರಾಜ್ಯದಲ್ಲಿ ರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಮೇಲಿದೆ. ಅಂಗನವಾಡಿಗಳ ಇಡೀ ಭಾರ ಹೊತ್ತವರಿಗೆ ಇದು ಹೆಚ್ಚುವರಿ ಕೆಲಸ. ತಾಲ್ಲೂಕು ಮಟ್ಟದಲ್ಲೂ ರಕ್ಷಣಾಧಿಕಾರಿಗಳನ್ನು ಗೊತ್ತುಪಡಿಸಬೇಕೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ನಿರ್ದೇಶಿಸಿದೆ. ಹೆಸರಿಗೊಬ್ಬರನ್ನು ಗೊತ್ತುಪಡಿಸಿ ಕೈತೊಳೆದುಕೊಳ್ಳದೆ ಪೂರ್ಣಾವಧಿಯವರನ್ನು ಕೊಡಬೇಕು. ಸಂಸತ್ತು, ಹೆಂಡತಿ ವಾಸಿಸುವ ಊರಿನಲ್ಲೇ ಅರ್ಜಿ ಹಾಕುವ ಅನುಕೂಲವನ್ನು ಎಲ್ಲ ಧರ್ಮದವರಿಗೂ ವಿಸ್ತರಿಸಬೇಕು. ಸಿದ್ದಿ ಸಮುದಾಯಕ್ಕೆ ಯಾವ ವಿವಾಹ ಕಾನೂನು ಎಂಬ ಸಂದೇಹವನ್ನು, ಆ ಸಮುದಾಯದ ಹೆಂಗಸರನ್ನು ಕೂರಿಸಿಕೊಂಡು ಕೇಳಿದ ಮೇಲೆ, ಕೇಂದ್ರ ಸರ್ಕಾರ ಅಧಿಸೂಚನೆಯಿಂದಲೋ ರೂಢಿಯ ದಾಖಲೆಯಿಂದಲೋ ನಿವಾರಿಸಬೇಕು. ರೂಢಿಯನ್ನು ಗಂಡಸರ ಬಾಯಿಂದ ಮಾತ್ರ ಬರೆದುಕೊಂಡರೆ ಅದು ಅರ್ಧ ಸಮುದಾಯದ ರೂಢಿ. ಯಲ್ಲಾಪುರ ತಾಲ್ಲೂಕಿನ ನಂದೊಳ್ಳಿಯಂಥ ಊರುಗಳ ಪಂಚಾಯ್ತಿ, ಮಹಿಳಾ ಸಂಘ, ಸಹಕಾರಿ ಸಂಘಗಳಿಗೂ ಇಲ್ಲಿ ಕೆಲಸವಿದೆ. ಕಾನೂನು ಸೇವಾ ಪ್ರಾಧಿಕಾರದ 15100, ಮಹಿಳಾ ಸಹಾಯವಾಣಿ 181 ಎಂಬ ಎರಡು ಸಂಖ್ಯೆಗಳು ಪಂಚಾಯ್ತಿ ಕಟ್ಟೆಯಲ್ಲೂ ಹಾಲಿನ ಡೇರಿಯಲ್ಲೂ ಕಾಣುವಂತೆ ಬರೆಸಲು ಯಾವ ಸರ್ಕಾರಿ ಆದೇಶವೂ ಬೇಡ.

ಸಂವಿಧಾನದ 14ನೇ ವಿಧಿ ಕಾನೂನಿನ ಮುಂದೆ ಸಮಾನತೆಯನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಕೊಟ್ಟಿದೆ. ಆರ್ಥಿಕ ದೌರ್ಬಲ್ಯವಾಗಲಿ ಬೇರಾವುದೇ ದೌರ್ಬಲ್ಯವಾಗಲಿ ನ್ಯಾಯಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಬೇಕೆಂದು 39ಎ ವಿಧಿ ರಾಜ್ಯಕ್ಕೆ ಹೊಣೆ ಹೊರಿಸಿದೆ. ನೆಲದ ಏರುತಗ್ಗು, ಮಳೆ, ಭಾಷೆ, ಧರ್ಮ, ಬುಡಕಟ್ಟು, ವಯಸ್ಸು, ಅಂಗವಿಕಲತೆ ಇವೆಲ್ಲವೂ ಅಂಥ ಅಡ್ಡಿಗಳೇ. ಬೆಂಗಳೂರಿನ ಹೆಣ್ಣುಮಗಳು ಎಷ್ಟು ಬೇಗ, ಎಷ್ಟು ಕಡಿಮೆ ಖರ್ಚಿನಲ್ಲಿ ಕುಟುಂಬ ನ್ಯಾಯಾಧೀಶರ ಎದುರು ನಿಲ್ಲಬಲ್ಲಳೋ ಅಷ್ಟೇ ಬೇಗ, ಅಷ್ಟೇ ಖರ್ಚಿನಲ್ಲಿ ಯಲ್ಲಾಪುರದ ಸಿದ್ದಿ ಹೆಣ್ಣುಮಗಳೂ ನಿಲ್ಲುವಂತಾದ ದಿನ, ಈ ದೇಶದ ಕುಟುಂಬ ಕಾನೂನು ಸಮಾನವಾಗಿದೆ ಎಂದು ಹೇಳುವ ಅಧಿಕಾರ ನಮಗೆ ಬರುತ್ತದೆ. ಆ ದಿನವನ್ನು ಬೇಡಿಕೆಯಾಗಿ ಮುಂದಿಡುವ ಕೆಲಸವನ್ನು ಯಲ್ಲಾಪುರ, ಶಿರಸಿ, ಸಿದ್ದಾಪುರ ತಾಲ್ಲೂಕುಗಳ ವಕೀಲರ ಸಂಘಗಳು, ಮಹಿಳಾ ಸಂಘಟನೆಗಳು, ಪಂಚಾಯ್ತಿಗಳು ಒಟ್ಟಾಗಿ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.